ಕೊಂಬಿನ ಗೊಬ್ಬರ, ತಾನಾಗಿ ಹುದುಗುವ ರಸ

ಸಂತೇಬೆನ್ನೂರು ಸುತ್ತಿನ ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣ ಹೊಸದಲ್ಲ: ಮೈಲುತುತ್ತ, ಸುಣ್ಣ, ನೀರು. ಅದು ಹುಟ್ಟಿದ್ದು ಮಾತ್ರ ಅಡಿಕೆಗಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ ತಗುಲಿದ ಬೂಜುರೋಗಕ್ಕೆ ಇದು ಮದ್ದೆಂದು 1885ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಲೋಕಕ್ಕೆ ಸಾರಿದ. ಮುಂದೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಒಗ್ಗಿಸಿದರು. ರಾಸಾಯನಿಕ ಒಲ್ಲೆವೆನ್ನುವ ಬಯೋಡೈನಾಮಿಕ್ ವೈನ್ ತೋಟಗಳೂ ತಾಮ್ರವನ್ನು ಪೂರ್ತಿ ಬಿಟ್ಟಿಲ್ಲ. ಪ್ರಮಾಣಪತ್ರ ಕೊಡುವ ಡಿಮೀಟರ್ ಸಂಸ್ಥೆ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 3 ಕೆ.ಜಿ. ತಾಮ್ರದ ಮಿತಿ ಹಾಕಿದೆ, ಅಷ್ಟೇ.

ಬಯೋಡೈನಾಮಿಕ್ ಪದ್ಧತಿಯ ಮೂಲ 1924ರಲ್ಲಿ ರುಡಾಲ್ಫ್ ಸ್ಟೈನರ್ ಕೋಬರ್‌ವಿಟ್ಸ್‌ನಲ್ಲಿ ಕೊಟ್ಟ ಎಂಟು ಉಪನ್ಯಾಸಗಳು. ದನ, ಗೊಬ್ಬರ, ಬೆಳೆ, ಮಣ್ಣು ಎಲ್ಲ ಸೇರಿ ತೋಟವೇ ಒಂದು ಜೀವಿ, ಹೊರಗಿನಿಂದ ತರುವುದು ಆದಷ್ಟು ಕಡಿಮೆಯಿರಬೇಕು ಎಂಬುದು ಅದರ ತಿರುಳು. ಸ್ಟೈನರ್ ರೈತನಲ್ಲ, ದಾರ್ಶನಿಕ. ಕೆಲವು ವಿಧಿಗಳು ಪೂಜೆಯಂತೆ ಕಾಣುವುದಕ್ಕೆ ಅದೂ ಕಾರಣವಿರಬಹುದು.

ಮುಖ್ಯ ವಿಧಿ ‘500’ ಎಂಬ ಕೊಂಬಿನ ಗೊಬ್ಬರ. ಕರು ಹಾಕಿದ ಹಸುವಿನ ಕೊಂಬಿಗೆ ಹಸಿ ಸಗಣಿ ತುಂಬಿ ಮಣ್ಣಲ್ಲಿ ಹೂಳುತ್ತಾರೆ. ನಮ್ಮಲ್ಲಿ ನವರಾತ್ರಿಯ ಆಸುಪಾಸು ಹೂತು ಬೇಸಿಗೆಯ ಹೊಸ್ತಿಲಲ್ಲಿ ತೆಗೆದರೆ, ಸಗಣಿ ವಾಸನೆಯಿಲ್ಲದ ಕಪ್ಪು ಪುಡಿಮಣ್ಣಾಗಿರುತ್ತದೆ. ಎಕರೆಗೆ 25 ಗ್ರಾಂ ಸಾಕು. ಅದನ್ನು ಸುಮಾರು 13 ಲೀಟರ್ ನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು: ಒಂದು ದಿಕ್ಕಿಗೆ ಸುಳಿ ಏಳುವವರೆಗೆ, ಆಮೇಲೆ ಅದನ್ನು ಮುರಿದು ಎದುರು ದಿಕ್ಕಿಗೆ. ಸಂಜೆ ದಪ್ಪ ಹನಿಗಳಾಗಿ ನೆಲಕ್ಕೆ ಎರಚುತ್ತಾರೆ. ಬೆಣಚುಕಲ್ಲಿನ ಪುಡಿಯಿಂದ ಮಾಡುವ ‘501’ ಎಕರೆಗೆ ಒಂದೇ ಗ್ರಾಂ. ಬೆಳಗ್ಗೆ ಎಲೆಯ ಮೇಲೆ ಮಂಜಿನಂತೆ ಸಿಂಪಡಿಸುತ್ತಾರೆ.

25 ಗ್ರಾಂ ಗೊಬ್ಬರ ಒಂದು ಎಕರೆಯ ಹೊಟ್ಟೆ ತುಂಬಿಸದು. ಕ್ಯಾಲಿಫೋರ್ನಿಯಾದ ಒಂದು ವೈನ್ ತೋಟದಲ್ಲಿ ಸಾವಯವ ತಾಕುಗಳನ್ನೂ ಬಯೋಡೈನಾಮಿಕ್ ತಾಕುಗಳನ್ನೂ ಆರು ವರ್ಷ ಹೋಲಿಸಿದ ಅಧ್ಯಯನ 2005ರಲ್ಲಿ ಬಂತು; ಮಣ್ಣಿನ ಗುಣದಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ನಡೆದ ಹೊಲದ ಪ್ರಯೋಗದಲ್ಲಿ, ಸಾವಯವ ಮತ್ತು ಬಯೋಡೈನಾಮಿಕ್ ತಾಕುಗಳ ಇಳುವರಿ ರಾಸಾಯನಿಕ ಕೃಷಿಗಿಂತ ಸುಮಾರು ಶೇ 20 ಕಡಿಮೆಯಾದರೂ ಮಣ್ಣಿನ ಜೀವಿಗಳ ಚಟುವಟಿಕೆ ಹೆಚ್ಚಿತ್ತು. ನನ್ನ ಲೆಕ್ಕದಲ್ಲಿ ಫಲ ಕೊಡುವುದು ಕಾಂಪೋಸ್ಟು, ಕಳೆನಾಶಕ ಬಿಟ್ಟ ನೆಲ, ಸಾಲು ಸಾಲು ಅಡ್ಡಾಡುವ ಯಜಮಾನನ ಕಣ್ಣು. ಚಂದ್ರ ಯಾವ ರಾಶಿಯಲ್ಲಿದ್ದಾನೆ ಎಂದು ನೋಡಿ ಹಣ್ಣಿನ ದಿನ, ಬೇರಿನ ದಿನ ಗುರುತಿಸುವ ಪಂಚಾಂಗಕ್ಕೆ ಗಟ್ಟಿ ಪುರಾವೆ ನನಗೆ ಕಂಡಿಲ್ಲ.

ಕರ್ನಾಟಕದ ತೊಡಕು ಬೇರೆ. ಯುರೋಪಿನ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ಇಲ್ಲಿ ಮಲಗುವುದೇ ಇಲ್ಲ. ಗ್ರೋವರ್ ವೈನ್ ಕಂಪನಿ 1988ರಿಂದ ವೈನ್ ದ್ರಾಕ್ಷಿ ಬೆಳೆಸಿಕೊಂಡು ಬಂದ ದೊಡ್ಡಬಳ್ಳಾಪುರ–ನಂದಿಬೆಟ್ಟದ ಸೀಮೆಯಾಗಲಿ, ಉತ್ತರದ ವಿಜಯಪುರವಾಗಲಿ, ಏಪ್ರಿಲ್ ಹೊತ್ತಿಗೆ ಒಂದು ಚಾಟ್ನಿ (ಬಳ್ಳಿ ಸವರುವುದು), ಮಳೆ ಹಿಂದೆಗೆಯುವಾಗ ಫಲಕ್ಕೆ ಇನ್ನೊಂದು. ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಫೆಬ್ರವರಿ–ಮಾರ್ಚ್. ಅಂದರೆ ಕೊಂಬು ಹೂಳುವಾಗ ಬಳ್ಳಿ ಚಿಗುರುತ್ತಿರುತ್ತದೆ, ತೆಗೆಯುವಾಗ ಬುಟ್ಟಿ ತುಂಬುತ್ತಿರುತ್ತದೆ. ಯುರೋಪಿನ ಪಂಚಾಂಗ ಇಲ್ಲಿ ಹಾಗೇ ನಡೆಯದು. ಗೊಬ್ಬರದ ಕೆಲಸವನ್ನು ಏಪ್ರಿಲ್ ಚಾಟ್ನಿಗೆ ಹೊಂದಿಸಿಕೊಳ್ಳುವುದು ವಾಸಿ. ಕಾಂಪೋಸ್ಟಿಗೆ ಬೇಕೆನ್ನುವ ಓಕ್ ತೊಗಟೆ, ‘ಯಾರೋ’ ಎಂಬ ಗಿಡ, ಕ್ಯಾಮೊಮೈಲ್ ಕೂಡ ಬಯಲುಸೀಮೆಯವಲ್ಲ. ಹೊರಗಿನಿಂದ ತರಿಸಿದರೆ ಸ್ವಾವಲಂಬನೆಯ ಮಾತಿಗೇ ಪೆಟ್ಟು.

ಇನ್ನು ವೈನ್ ಮನೆ. ದೋಸೆ ಹಿಟ್ಟು ತಾನಾಗಿ ಹುದುಗುವಂತೆ, ಜಜ್ಜಿದ ದ್ರಾಕ್ಷಿಯೂ ಸಿಪ್ಪೆಯ ಮೇಲಿನ ಮತ್ತು ವೈನ್ ಮನೆಯಲ್ಲೇ ನೆಲೆಸಿದ ಯೀಸ್ಟಿನಿಂದ ಹುದುಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1 ಮದ್ಯಸಾರ. ಸಾಮಾನ್ಯ ವೈನ್ ಮನೆಗಳು ಪೊಟ್ಟಣದ ಯೀಸ್ಟ್ ಹಾಕಿ ನಿಶ್ಚಿಂತವಾಗಿರುತ್ತವೆ. ಬಯೋಡೈನಾಮಿಕ್ ವೈನ್ ಮನೆಯಲ್ಲಿ ಹಾಗಲ್ಲ, ಕಾಯಬೇಕು. ಸೆಖೆ ಏರಿದರೆ ಯೀಸ್ಟ್ ಅರ್ಧದಲ್ಲೇ ಸೋತು, ಬ್ಯಾಕ್ಟೀರಿಯಾ ಗೆದ್ದು, ರಸ ವಿನಿಗರ್ ದಾರಿ ಹಿಡಿಯಬಹುದು. ಆದ್ದರಿಂದ ತಂಪು ಬೆಳಗಿನ ಕೊಯ್ಲು, ಕೊಳೆತ ಹಣ್ಣನ್ನು ಕೈಯಲ್ಲೇ ಆರಿಸಿ ತೆಗೆಯುವುದು, ತಣಿಸುವ ಟ್ಯಾಂಕು ಇವು ಚಂದ್ರನಿಗಿಂತ ಮುಖ್ಯ. ಹಣ್ಣಿನ ಹುಳಿ ಇಳಿದಷ್ಟೂ, ವೈನ್ ಕೆಡದಂತೆ ಹಾಕುವ ಗಂಧಕದ ರಕ್ಷಣೆ ದುರ್ಬಲವಾಗುತ್ತದೆ, ಅದರ ಪ್ರಮಾಣಕ್ಕೂ ಡಿಮೀಟರ್ ಮಿತಿಯಿದೆ. ಬಿಸಿಲ ಸೀಮೆಯಲ್ಲಿ ಹುಳಿ ಬೇಗ ಇಳಿಯುವುದರಿಂದ, ಕೊಯ್ಲು ನಾಲ್ಕು ದಿನ ತಡವಾದರೂ ಸಂಕಟ.

ಇಂಥ ತೋಟ ನೋಡಲು ಹೋದವರು ಕೊಂಬು ಎಲ್ಲಿ ಹೂತಿದ್ದೀರಿ ಎಂದು ಕೇಳುವ ಮೊದಲು ಮೂರು ಮಾತು ಕೇಳಲಿ: ಕಳೆದ ಮಳೆಗಾಲದಲ್ಲಿ ಬೋರ್ಡೋ ಎಷ್ಟು ಸಲ ಹೊಡೆದಿರಿ, ಸಗಣಿ ಸ್ವಂತ ಕೊಟ್ಟಿಗೆಯದೋ, ಯೀಸ್ಟ್ ಪೊಟ್ಟಣದ್ದೋ.