ನಿಮಗಿದು ಗೊತ್ತೇ? ರೇಡಿಯೋಗೆ ದುಡ್ಡು ಕೊಡುವವರು ಯಾರು?

ತೋಟದ ಕೋವಿಗೆ ಲೈಸೆನ್ಸ್ ಬೇಕು ಎಂಬುದು ಗುರುವಾಯನಕೆರೆಯ ಕೃಷಿಕರಿಗೆಲ್ಲ ಗೊತ್ತು. ಮನೆಯ ರೇಡಿಯೋಗೂ ಲೈಸೆನ್ಸ್ ಬೇಕಿತ್ತು ಎಂಬುದು ಇಂದಿನ ಮಕ್ಕಳಿಗೆ ಗೊತ್ತೇ? ಪ್ರತಿವರ್ಷ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. 1970ರ ದಶಕದ ಹೊತ್ತಿಗೆ ರೇಡಿಯೋಗೆ 15 ರೂಪಾಯಿ, ಟಿವಿಗೆ 50. ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಪುಸ್ತಕ ತೋರಿಸದಿದ್ದರೆ ದಂಡ ಬೀಳುತ್ತಿತ್ತು, ಸೆಟ್ ಜಪ್ತಿಯೂ ಆಗಬಹುದಿತ್ತು.

ಈ ಶುಲ್ಕವನ್ನೇ ನಂಬಿ ಒಂದು ಕಂಪನಿ ಮುಳುಗಿದ್ದೂ ಉಂಟು. 1927ರ ಜುಲೈ 23ರಂದು ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಗೆ 10 ರೂಪಾಯಿ ಲೈಸೆನ್ಸ್ ಶುಲ್ಕದಲ್ಲಿ ಶೇ. 80 ಪಾಲು ಸಿಗುತ್ತಿತ್ತು. ಆದರೆ 1929ರ ಕೊನೆಗೂ ಇಡೀ ದೇಶದಲ್ಲಿ ಲೈಸೆನ್ಸ್ ಪಡೆದವರು ಎಂಟು ಸಾವಿರ ದಾಟಿರಲಿಲ್ಲ. ಕದ್ದು ಕೇಳುವವರೂ ಇದ್ದರು. 1930ರ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಏಪ್ರಿಲ್‌ನಲ್ಲಿ ಸರಕಾರ ವಹಿಸಿಕೊಂಡಿತು. ಅದೂ 1931ರಲ್ಲಿ ಖರ್ಚು ತೂಗದೆ ಮುಚ್ಚಲು ಹೊರಟು, ಜನ ಗದ್ದಲ ಎಬ್ಬಿಸಿದ ಮೇಲೆ ಹಿಂದೆ ಸರಿಯಿತು.

ಯಾರ ಶುಲ್ಕಕ್ಕೂ ಕಾಯದೆ ರೇಡಿಯೋ ಕಟ್ಟಿದ ಕನ್ನಡಿಗರೊಬ್ಬರಿದ್ದರು. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ 30 ವಾಟ್‌ನ ಪುಟ್ಟ ಯಂತ್ರದಲ್ಲಿ ಪ್ರಸಾರ ಶುರುಮಾಡಿದರು. ಮೊದಲು ಸ್ವಂತ ಹಣ, ಆಮೇಲೆ ನಗರಸಭೆಯ ನೆರವು, ಬಳಿಕ ಸಂಸ್ಥಾನದ ಆಸರೆ. ಇಡೀ ಭಾರತದ ರೇಡಿಯೋಗೆ ಮುಂದೆ ‘ಆಕಾಶವಾಣಿ’ ಎಂಬ ಹೆಸರು ಸಿಕ್ಕಿದ್ದು ಈ ಮನೆಯ ಕೇಂದ್ರದಿಂದ!

ನಮ್ಮ ಮಂಗಳೂರು ಆಕಾಶವಾಣಿ ಬಂದದ್ದು 1976ರ ಡಿಸೆಂಬರ್‌ನಲ್ಲಿ. ಅಂದರೆ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಮೊದಲ ಕೇಳುಗರು ತುಳು ಕಾರ್ಯಕ್ರಮ, ತಾಳಮದ್ದಳೆ ಕೇಳಿದ್ದು ಲೈಸೆನ್ಸ್ ಕಾಲದಲ್ಲೇ. ಕಟ್ಟಿದ ಹಣ ಸೇರುತ್ತಿದ್ದುದು ದಿಲ್ಲಿಯ ಬೊಕ್ಕಸಕ್ಕೆ.

1980ರ ದಶಕದ ನಡುವೆ ಲೈಸೆನ್ಸ್ ರದ್ದಾಯಿತು. ಒಳ್ಳೆಯದೇ ಆಯಿತು, ಕೂಲಿಯವನಿಗೂ ಧನಿಗೂ ಒಂದೇ ಶುಲ್ಕ ಎಂಬುದರಲ್ಲಿ ನ್ಯಾಯವಿರಲಿಲ್ಲ. ಆದರೆ ಅಂದಿನಿಂದ ರೇಡಿಯೋ ಪುಕ್ಕಟೆ ಎಂಬ ಭ್ರಮೆ ನಮಗೆ ಅಂಟಿಕೊಂಡಿದೆ. ಪುಕ್ಕಟೆ ಎಲ್ಲಿಂದ ಬಂತು? 1997ರಲ್ಲಿ ಆಕಾಶವಾಣಿ, ದೂರದರ್ಶನಗಳು ಪ್ರಸಾರ ಭಾರತಿ ಎಂಬ ಸ್ವಾಯತ್ತ ಸಂಸ್ಥೆಗೆ ಸೇರಿದ ಮೇಲೂ ಸಿಬ್ಬಂದಿ ಸಂಬಳ ಬರುವುದು ಕೇಂದ್ರದ ಅನುದಾನದಿಂದ. ನಾವು ಸಾಬೂನು ಕೊಂಡಾಗ ಕಟ್ಟುವ ತೆರಿಗೆಯೂ ಅದರಲ್ಲಿದೆ.

ಜಾಹೀರಾತು? ವಿವಿಧ ಭಾರತಿಗೆ 1967ರಲ್ಲಿ ಬಂತು, ದೂರದರ್ಶನಕ್ಕೆ 1976ರಲ್ಲಿ.

ಬ್ರಿಟನ್ನಿನಲ್ಲಿ ಟಿವಿ ಲೈಸೆನ್ಸ್ ಉಳಿದುಕೊಂಡಿದೆ. 2025ರ ಏಪ್ರಿಲ್‌ನಲ್ಲಿ ವರ್ಷದ ಶುಲ್ಕ 174.50 ಪೌಂಡ್ ಆಯಿತು. ಕಪ್ಪು ಬಿಳುಪು ಟಿವಿಗೆ ಬೇರೆಯೇ ದರ, ಆಗ 58.50 ಪೌಂಡ್! ಜರ್ಮನಿಯಲ್ಲಿ 2013ರಿಂದ ಮನೆಗೊಂದು ವಂತಿಗೆ. ಟಿವಿ ಇರಲಿ ಇಲ್ಲದಿರಲಿ ಕಟ್ಟಲೇಬೇಕು. ಫಿನ್ಲೆಂಡಿನಲ್ಲಿ ಅದೇ ವರ್ಷದಿಂದ ಆದಾಯ ನೋಡಿ ತೆರಿಗೆ. ನನ್ನ ಮತ ಫಿನ್ಲೆಂಡಿಗೆ. ಪಾಕಿಸ್ತಾನದಲ್ಲಂತೂ ಬಹುಕಾಲ ಕರೆಂಟ್ ಬಿಲ್‌ನಲ್ಲೇ ತಿಂಗಳಿಗೆ 35 ರೂಪಾಯಿ ಟಿವಿ ಶುಲ್ಕ ಸೇರಿಸಿ ವಸೂಲು ಮಾಡುತ್ತಿದ್ದರು. ಮೆಸ್ಕಾಂ ಬಿಲ್‌ನಲ್ಲಿ ಅಂಥದೊಂದು ಸಾಲು ಕಂಡರೆ ನಮ್ಮ ಪೇಟೆ ಸುಮ್ಮನಿದ್ದೀತೇ?

ಭಾರತ ಆಡುವ ಮಹತ್ವದ ಕ್ರಿಕೆಟ್ ಪಂದ್ಯಗಳು ಡಿಡಿಯಲ್ಲೂ ಬರುತ್ತವಲ್ಲ, ಅದು 2007ರ ಕಾಯಿದೆಯ ಬಲ. ಹಕ್ಕು ಕೊಂಡ ವಾಹಿನಿ ಪ್ರಸಾರವನ್ನು ಹಂಚಿಕೊಳ್ಳಲೇಬೇಕು. ಜಾಹೀರಾತಿನ ಹಣದಲ್ಲಿ 75 ಪಾಲು ಅವರಿಗೆ, 25 ಪ್ರಸಾರ ಭಾರತಿಗೆ. ಇನ್ನು ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿದು ಕೊಡುವ ಹಣವೇ ಅದರ ಆದಾಯ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನಗಳಿಗೆ 2,539.61 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಎಫ್‌ಎಂ ವಿಸ್ತರಣೆ, ಹೊಸ ಯಂತ್ರ, ಎಂಟು ಲಕ್ಷಕ್ಕೂ ಹೆಚ್ಚು ಉಚಿತ ಸೆಟ್ ಟಾಪ್ ಬಾಕ್ಸ್ ಅದರಲ್ಲಿವೆ. ಪ್ರಸಾರ ಗೋಪುರ ಬೇಕು, ನಿಜ. ಆದರೆ ಗೋಪುರದಿಂದ ಹೊರಡುವ ಮಾತು ನಮ್ಮದಾಗಿರಬೇಕಾದರೆ ತುಳು, ಬ್ಯಾರಿ, ಕೊಂಕಣಿ ಕಲಾವಿದರ ಸಂಭಾವನೆಗೂ ಹಣ ಬೇಕು. ದಿಲ್ಲಿ, ಬೆಂಗಳೂರಿನ ಮರುಪ್ರಸಾರ ಅಗ್ಗ. ಊರಿನ ಪಾಡ್ದನದ ಧ್ವನಿಮುದ್ರಣಕ್ಕೆ ಖರ್ಚುಂಟು. ಆ ಖರ್ಚಿಗಾಗಿಯೇ ಸಾರ್ವಜನಿಕ ರೇಡಿಯೋ ಇರುವುದು.

ಊರ ದನಿಗೆ ಇನ್ನೊಂದು ದಾರಿ ಸಮುದಾಯ ಬಾನುಲಿ. ಅದಕ್ಕೆ ಜಾಹೀರಾತಿನ ಅವಕಾಶ 2024ರಲ್ಲಿ ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿತು. ಸರಕಾರಿ ಜಾಹೀರಾತಿನ ಮೂಲ ದರ ಹತ್ತು ಸೆಕೆಂಡಿಗೆ ಬರೀ 74 ರೂಪಾಯಿ.

ನಮ್ಮ ಹಣದ ಲೆಕ್ಕವನ್ನು ನಾವೇ ಕೇಳಬಹುದು: ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕಳೆದ ವರ್ಷ ತುಳು ಕಾರ್ಯಕ್ರಮಗಳಿಗೆ ಎಷ್ಟು ಖರ್ಚಾಯಿತು ಎಂದು ಒಮ್ಮೆ ಕೇಳಿ ನೋಡಿ.