ಪಾಯ ತೋಡಿದ ಪಾದ್ರಿ

ಡಿಪ್ಲೊಮಾ ಸಿವಿಲ್ ಮುಗಿಸಿ ಸೈಟಿಗೆ ಕಾಲಿಟ್ಟ ಮೂರನೇ ದಿನವೇ ನನ್ನ ಮರ್ಯಾದೆ ಹೋಯಿತು. ರಾಣೆಬೆನ್ನೂರಿನ ಆಚೆ ಒಂದು ಹಳ್ಳಿಯ ಶಾಲೆಗೆ ಎರಡು ಕೊಠಡಿ ಕಟ್ಟುವ ಕೆಲಸ. ಹಿಂದಿನ ರಾತ್ರಿ ಮಳೆ ಬಂದು ಪಾಯದ ಗುಂಡಿಗಳಲ್ಲಿ ನೀರು ನಿಂತಿತ್ತು. ಬರಬೇಕಿದ್ದ ಎಂಟು ಆಳುಗಳಲ್ಲಿ ಬಂದವರು ಇಬ್ಬರೇ. ಉಳಿದವರು ಬಿತ್ತನೆಗೆ ಹೋಗಿದ್ದರು. ಮೇಸ್ತ್ರಿಯೇ ಗುಂಡಿಗಿಳಿದು ಬಾಂಡ್ಲಿಯಲ್ಲಿ ನೀರು ಎತ್ತಿ ಹಾಕುತ್ತಿದ್ದ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಡ್ರಾಯಿಂಗ್ ಸುರುಳಿ ಹಿಡಿದು, ದಂಡೆಯ ಮೇಲೆ ನಿಂತು ‘ಬೇಗ ಬೇಗ’ ಅನ್ನುತ್ತಿದ್ದೆ.

ಆತ ತಲೆ ಎತ್ತಿ, ‘ಸಾಹೇಬ್ರ, ನೀವು ಬೇಗ ಅಂದ್ರ ನೀರು ತಾನಾಗೇ ಎದ್ದು ಹೋಗಂಗಿಲ್ಲ. ಅಲ್ಲೊಂದು ಬಾಂಡ್ಲಿ ಐತಿ, ತಗೋರಿ’ ಅಂದ. ಆಳುಗಳಿಬ್ಬರೂ ನಕ್ಕರು. ನಾನು ಬಾಂಡ್ಲಿ ತಗೊಳ್ಳಲಿಲ್ಲ. ಫೋನ್ ಬಂದಂತೆ ನಟಿಸಿ ಆಚೆ ಹೋದೆ.

ಆ ಭಾನುವಾರ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದು ಆಲ್ಬರ್ಟ್ ಶ್ವೈಟ್ಜರ್ ತಮ್ಮ ಆಫ್ರಿಕಾದ ದಿನಗಳ ಬಗ್ಗೆ ಬರೆದ ಹಳೆಯ ಪುಸ್ತಕ. ಶ್ವೈಟ್ಜರ್ ಎಂದರೆ ನೊಬೆಲ್ ಬಂದ ಡಾಕ್ಟರು ಎಂಬಷ್ಟು ಹೈಸ್ಕೂಲಿನಲ್ಲಿ ಓದಿದ ನೆನಪಿತ್ತು. ಪುಟ ತಿರುಗಿಸಿದರೆ ಔಷಧಿಗಿಂತ ಹೆಚ್ಚಾಗಿ ಕಂಬ, ತಗಡು, ಚಾವಣಿ, ಆಳುಗಳ ಗೋಳು! ನಮ್ಮ ಸೈಟಿನ ಡೈರಿಯನ್ನೇ ಯಾರೋ ನೂರು ವರ್ಷ ಹಿಂದೆ ಬರೆದಿಟ್ಟಂತಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ಭಾನುವಾರ ಓದಿದೆ.

ಶ್ವೈಟ್ಜರ್ ಹುಟ್ಟಿದ್ದು 1875ರಲ್ಲಿ, ಆಗ ಜರ್ಮನಿಗೆ ಸೇರಿದ್ದ, ಈಗ ಫ್ರಾನ್ಸಿನಲ್ಲಿರುವ ಅಲ್ಸೇಸ್ ಪ್ರಾಂತ್ಯದಲ್ಲಿ. ಅಪ್ಪ ಪಾದ್ರಿ. ಮಗನೂ ಸ್ಟ್ರಾಸ್‌ಬರ್ಗಿನ ಸೇಂಟ್ ನಿಕೊಲಸ್ ಚರ್ಚಿನಲ್ಲಿ ಪಾದ್ರಿಯಾದರು. ಜತೆಗೆ ತತ್ವಶಾಸ್ತ್ರದಲ್ಲಿ ಡಾಕ್ಟರೇಟು, ಕಾಲೇಜಿನಲ್ಲಿ ಪಾಠ, ಆರ್ಗನ್ ವಾದನದಲ್ಲಿ ಯುರೋಪಿನಾದ್ಯಂತ ಹೆಸರು. ಇಷ್ಟೆಲ್ಲ ಇದ್ದವರು ಮೂವತ್ತನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜಿನ ಬೆಂಚಿನ ಮೇಲೆ ಹೋಗಿ ಕೂತರು. ಪ್ಯಾರಿಸ್ಸಿನ ಮಿಷನ್ ಸಂಸ್ಥೆಯೊಂದಕ್ಕೆ ಮಧ್ಯ ಆಫ್ರಿಕಾದಲ್ಲಿ ಜನ ಬೇಕಾಗಿದೆ ಎಂಬುದನ್ನು ಪತ್ರಿಕೆಯಲ್ಲಿ ಓದಿದ್ದೇ ಕಾರಣ. ಆದರೆ ಇವರ ಧಾರ್ಮಿಕ ವಿಚಾರಗಳ ಮೇಲೆ ಆ ಸಂಸ್ಥೆಗೇ ಅನುಮಾನ. ಹೀಗಾಗಿ ‘ನಾನು ವೈದ್ಯನಾಗಿ ಬರುತ್ತೇನೆ, ಪ್ರವಚನದ ವಿಷಯಕ್ಕೆ ಬಾಯಿ ಬಿಡುವುದಿಲ್ಲ’ ಎಂಬರ್ಥದ ಮಾತು ಕೊಟ್ಟು ಹೊರಟರು. (ಅಲ್ಲಿದ್ದ ಮಿಷನರಿಗಳು ಸ್ವಲ್ಪ ದಿನದಲ್ಲೇ ಆ ಷರತ್ತು ಸಡಿಲಿಸಿದರು ಅನ್ನುವುದು ಬೇರೆ ಮಾತು.) ಖರ್ಚಿನ ಹಣವನ್ನೂ ತಾವೇ ಹೊಂದಿಸಿಕೊಂಡರು.

1913ರ ಏಪ್ರಿಲ್‌ನಲ್ಲಿ ಹೆಂಡತಿ ಹೆಲೆನ್ ಜತೆ ಈಗಿನ ಗೆಬಾನ್ ದೇಶದ ಲಾಂಬರೆನೆ ಎಂಬಲ್ಲಿಗೆ ಬಂದಿಳಿದರು. ಒಗೊವೆ ನದಿಯ ದಂಡೆ, ಸುತ್ತ ದಟ್ಟ ಕಾಡು, ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಊರು. ಕಟ್ಟಿಸಿಡುತ್ತೇವೆ ಎಂದು ಹೇಳಿದ್ದ ಆಸ್ಪತ್ರೆ ಅಲ್ಲಿರಲಿಲ್ಲ. ಯಾಕೆ ಅಂದರೆ ಆಳುಗಳು ಸಿಕ್ಕಿರಲಿಲ್ಲ! ಮರದ ವ್ಯಾಪಾರಿಗಳು ಹೆಚ್ಚು ಕೂಲಿ ಕೊಡುತ್ತಿದ್ದರು, ಜನ ಅಲ್ಲಿಗೆ ಹೋಗಿದ್ದರು. ಬಿತ್ತನೆಗೆ ಹೋದ ನಮ್ಮ ಆಳುಗಳ ಹಾಗೆಯೇ. ರೋಗಿಗಳು ಮಾತ್ರ ದೋಣಿಗಳಲ್ಲಿ ಬರತೊಡಗಿದ್ದರು. ಬಯಲಲ್ಲಿ ಕೆಲ ದಿನ ನೋಡಿ, ಆಮೇಲೆ ಹಳೆಯ ಕೋಳಿಗೂಡೊಂದಕ್ಕೆ ಸುಣ್ಣ ಬಳಿದು ಅದನ್ನೇ ಆಸ್ಪತ್ರೆ ಮಾಡಿಕೊಂಡರು.

ತಗಡಿನ ಕಟ್ಟಡಕ್ಕೆ ನೆಲ ಸಮ ಮಾಡಬೇಕಿತ್ತು. ಒಬ್ಬ ಮರದ ವ್ಯಾಪಾರಿ ಎಂಟು ಜನ ಆಳುಗಳನ್ನು ಕಳಿಸಿದ. ಶ್ವೈಟ್ಜರ್ ತಾವೂ ಸಲಿಕೆ ಹಿಡಿದರು. ಆಳುಗಳ ಮುಖ್ಯಸ್ಥ ಮರದ ನೆರಳಲ್ಲಿ ಮಲಗಿ ಆಗಾಗ ಹುರಿದುಂಬಿಸುವ ಮಾತು ಎಸೆಯುತ್ತಿದ್ದನಂತೆ. ಅದನ್ನು ಓದಿ ನಗು ಬಂತು. ಆಮೇಲೆ, ನೆರಳಲ್ಲಿ ಮಲಗಿದವನ ಜಾಗದಲ್ಲಿ ನಾನೇ ಇದ್ದೆನಲ್ಲ ಅನ್ನಿಸಿ ನಗು ನಿಂತಿತು. ಆರ್ಗನ್ ನುಡಿಸುವವರಿಗೆ ಬೆರಳೇ ಬಂಡವಾಳ. ಆ ಬೆರಳುಗಳಲ್ಲಿ ಸಲಿಕೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಅದು ಫ್ರೆಂಚ್ ವಸಾಹತು, ಇವರು ಜರ್ಮನ್ ಪ್ರಜೆ. ಮೊದಲು ಗೃಹಬಂಧನ, 1917ರಲ್ಲಿ ಯುರೋಪಿಗೆ ಕೈದಿಯಾಗಿ ರವಾನೆ. ಮತ್ತೆ ಲಾಂಬರೆನೆಗೆ ಬರಲು ಸಾಧ್ಯವಾದದ್ದು 1924ರ ಏಪ್ರಿಲ್‌ನಲ್ಲಿ. ಈ ಸಲ ಹೆಲೆನ್ ಬರಲಿಲ್ಲ. ಅವರ ಆರೋಗ್ಯ ಕೆಟ್ಟಿತ್ತು, ಮಗಳಿಗೆ ಐದು ವರ್ಷ. ಜತೆಗೆ ಬಂದವರು ಆಕ್ಸ್‌ಫರ್ಡಿನ ವಿದ್ಯಾರ್ಥಿ ನೋಯಲ್ ಗಿಲೆಸ್ಪಿ. ನಮ್ಮ ವಯಸ್ಸಿನ ಹುಡುಗ, ಕಾಲೇಜು ಬಿಟ್ಟು ಕೆಲ ತಿಂಗಳು ಸಹಾಯಕ್ಕೆ ಬಂದವನು. ಇಬ್ಬರೂ ದೋಣಿ ಇಳಿದು ನೋಡಿದರೆ ಆಸ್ಪತ್ರೆಯೇ ಕಾಣುತ್ತಿಲ್ಲ. ಗಿಡಗಂಟಿ ಮುಚ್ಚಿಬಿಟ್ಟಿತ್ತು. ಉಳಿದದ್ದು ತಗಡಿನ ಕಟ್ಟಡ ಮತ್ತು ಒಂದು ದೊಡ್ಡ ಬಿದಿರಿನ ಗುಡಿಸಲಿನ ಅಸ್ಥಿಪಂಜರ.

ಅಂದಿನಿಂದ ಅವರದು ಬೆಳಿಗ್ಗೆ ಡಾಕ್ಟರ್ ಕೆಲಸ, ಮಧ್ಯಾಹ್ನ ಮೇಸ್ತ್ರಿ ಕೆಲಸ. ಚಾವಣಿಗೆ ತಾಳೆ ಜಾತಿಯ ಮರದ ಎಲೆಗಳನ್ನು ಬಿದಿರಿಗೆ ಹೊಲಿದು ಮಾಡಿದ ಹೊದಿಕೆ ಬೇಕು. ಅದೂ ಸಿಗದು. ಹಳ್ಳಿ ಹಳ್ಳಿಗೆ ದೋಣಿಯಲ್ಲಿ ಹೋಗಿ ಬೇಡಿದರು, ಹೊಗಳಿದರು, ಉಡುಗೊರೆ ಕೊಟ್ಟರು. ಕೊಡದಿದ್ದರೆ ನಿಮ್ಮೂರಿನವರಿಗೆ ಔಷಧಿ ಕೊಡುವುದಿಲ್ಲ ಎಂದು ಗದರಿಸಿಯೂ ನೋಡಿದರು. ಹಳ್ಳಿಯವರು ನಕ್ಕುಬಿಟ್ಟರಂತೆ. ಈ ಮನುಷ್ಯ ಹಾಗೆ ಮಾಡಲಾರ ಎಂದು ಅವರಿಗೆ ಗೊತ್ತಿತ್ತು.

ಹೇಗೋ ಚಾವಣಿ ಎದ್ದಿತು. ಎರಡು ವರ್ಷ ಇದ್ದು ವಾಪಸ್ ಹೋಗುವ ಲೆಕ್ಕ ಅವರದು. ಆದರೆ 1925ರಲ್ಲಿ ಎರಡು ಕಷ್ಟ ಒಟ್ಟಿಗೆ ಬಂದವು: ಆಮಶಂಕೆಯ ಸಾಂಕ್ರಾಮಿಕ ಮತ್ತು ಬರಗಾಲ. ಹಿಂದಿನ ವರ್ಷ ಒಣಗಾಲದಲ್ಲೂ ಮಳೆ ಬಿಡದೆ, ಕಡಿದ ಮರ ಸುಟ್ಟು ಬೇಸಾಯ ಮಾಡಲು ಜನರಿಗೆ ಆಗಿರಲಿಲ್ಲ. ಮರ ಕಡಿಯುವ ಕೂಲಿಗೆ ಹೋದವರು ಹೇಗೂ ಹೊಲ ಮಾಡುವವರಲ್ಲ. ಹಸಿದವರು, ಭೇದಿಯಾದವರು ಎಲ್ಲರೂ ಆಸ್ಪತ್ರೆಗೇ ಬಂದರು. ಒಂದೇ ಸೂರಿನಡಿ ಇಕ್ಕಟ್ಟಿನಲ್ಲಿ ಇದ್ದುದರಿಂದ ಬೇರೆ ಕಾಯಿಲೆಗೆ ಬಂದವರಿಗೂ ಆಮಶಂಕೆ ಅಂಟಿತು. ಬೇರೆ ಇಡೋಣವೆಂದರೆ ಜಾಗವಿಲ್ಲ. ಒಂದು ಗುಡಿಸಲಿಗೆ ಕಿಡಿ ಬಿದ್ದರೆ ಎಲ್ಲವೂ ಬೂದಿ. ವಾಸಿಯಾಗಲು ಬಂದವರು ನನ್ನ ಕಟ್ಟಡದಿಂದಲೇ ಸಾಯುತ್ತಿದ್ದಾರೆ ಎಂಬುದು ಒಬ್ಬ ಕಟ್ಟಿದವನಿಗೆ ಎಂಥ ಹೊಡೆತ, ಯೋಚಿಸಿ. ಅವರು ಯಾರಿಗೂ ಹೇಳದೆ ಒಂದು ನಿರ್ಧಾರ ಮಾಡಿಕೊಂಡು, ಆಮೇಲೆ ಸಹಾಯಕ ವೈದ್ಯರನ್ನೂ ನರ್ಸ್‌ಗಳನ್ನೂ ಕೂರಿಸಿ ತಿಳಿಸಿದರು: ಇಡೀ ಆಸ್ಪತ್ರೆಯನ್ನೇ ಎತ್ತಿ, ನದಿಯ ಮೇಲ್ಗಡೆ ಮೂರು ಕಿಲೋಮೀಟರ್ ದೂರದಲ್ಲಿ ಹೊಸದಾಗಿ ಕಟ್ಟುವುದು. ಸುಮಾರು 70 ಹೆಕ್ಟೇರ್ ಜಾಗ. ಊರಿಗೆ ಹೋಗುವ ಮಾತು ಮುಂದಕ್ಕೆ ಹೋಯಿತು.

ಸಿವಿಲ್ ಓದಿದವರು ಇಲ್ಲಿ ಗಮನ ಕೊಡಬೇಕು. ಆ ಪಾದ್ರಿ ಯಾವ ಇಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ. ಆದರೂ ಕಟ್ಟಡಗಳನ್ನು ಉದ್ದಕ್ಕೆ, ಅಗಲ ಕಡಿಮೆ ಇಟ್ಟು, ಪೂರ್ವ–ಪಶ್ಚಿಮವಾಗಿ ನಿಲ್ಲಿಸಿದರು. ಸಮಭಾಜಕದ ಹತ್ತಿರ ಸೂರ್ಯ ನೆತ್ತಿಯ ಮೇಲೇ ಹಾಯುವುದರಿಂದ ಹೀಗೆ ಕಟ್ಟಿದರೆ ಗೋಡೆಗೆ ಬಿಸಿಲು ಬೀಳುವುದು ಕಡಿಮೆ. ಎಲೆಯ ಚಾವಣಿ ವರ್ಷ ವರ್ಷ ರಿಪೇರಿ ಕೇಳುತ್ತದೆಂದು ತಗಡು ಹಾಕಿದರು. ನೆರೆ ಬಂದರೂ ಗುಡ್ಡದ ನೀರು ಹರಿದರೂ ಕೆಳಗೆ ಹೋಗಲಿ ಎಂದು ಎಲ್ಲವನ್ನೂ ಗಟ್ಟಿ ಮರದ ಕಂಬಗಳ ಮೇಲೆ ಎತ್ತಿ ಕಟ್ಟಿದರು. ಗೆದ್ದಲು ಹಿಡಿಯದಂತೆ, ಕೊಳೆಯದಂತೆ ಕಂಬಗಳ ಹೊರಮೈ ಸುಟ್ಟು ಕರಕಲು ಮಾಡಿದರು. ನಮ್ಮೂರ ಕಡೆ ಬೇಲಿಯ ಗೂಟದ ಬುಡ ಸುಡುವುದು ನೆನಪಾಯಿತೇ? ಅದೇ ಉಪಾಯ.

ಕೆಲಸಕ್ಕೆ ಜನ ಯಾರು? ರೋಗಿಗಳನ್ನು ಕರೆತಂದ ನೆಂಟರು ಮತ್ತು ಗುಣವಾಗುತ್ತಿದ್ದವರು. ಬೆಳಿಗ್ಗೆ ಹಾಜರಿ, ಕೊಡಲಿ–ಮಚ್ಚು ಹಂಚಿಕೆ, ಊಟ. ಕೂಲಿಯ ಬದಲು ಚಮಚ, ಲೋಟ, ಚಾಕು, ಕಂಬಳಿ. ಬೆಳಿಗ್ಗೆ ತೆವಳುವ ಕೆಲಸ, ಸಂಜೆ ಮನೆಗೆ ಹೋಗುವ ಹೊತ್ತಿಗೆ ಓಟ. ಇಡೀ ದಿನವನ್ನು ಶ್ವೈಟ್ಜರ್ ಒಂದು ಸಿಂಫನಿಗೆ ಹೋಲಿಸಿ ವಿಲಂಬಿತ, ಮಧ್ಯ, ದ್ರುತ ಅನ್ನುವ ಹಾಗೆ ವರ್ಣಿಸುತ್ತಾರೆ. ನಮ್ಮ ಸೈಟೂ ಥೇಟ್ ಹಾಗೆಯೇ, ನಾಲ್ಕೂವರೆಗೆ ಎಲ್ಲರಿಗೂ ಎಲ್ಲಿಲ್ಲದ ಹುರುಪು. ಸ್ವಿಟ್ಜರ್ಲೆಂಡಿನಿಂದ ಒಬ್ಬ ಯುವ ಬಡಗಿ ಬಂದು ಸೇರಿದ ಮೇಲೆ ಅವರ ಹೆಗಲ ಭಾರ ಎಷ್ಟೋ ಇಳಿಯಿತು. 1927ರಲ್ಲಿ ರಸೆಲ್ ಎಂಬ ಮಹಿಳೆ ಬಂದು ಮರ ಕಡಿಯುವ ತಂಡ ವಹಿಸಿಕೊಂಡರು. ಅವರ ಮಾತನ್ನು ಆಳುಗಳು ಗಂಡಸರ ಮಾತಿಗಿಂತ ಚೆನ್ನಾಗಿ ಕೇಳುತ್ತಿದ್ದರಂತೆ.

ನನಗೆ ಅತಿ ಇಷ್ಟವಾದದ್ದು ಎರಡು ಪ್ರಸಂಗ. ಒಂದು ದಿನ ದಿಮ್ಮಿ ಎಳೆಯಲು ಜನ ಸಾಲದೆ, ಬಿಳಿ ಸೂಟು ಹಾಕಿ ರೋಗಿಯ ಪಕ್ಕ ಕೂತಿದ್ದ ಸ್ಥಳೀಯ ಯುವಕನನ್ನು ಶ್ವೈಟ್ಜರ್ ಕರೆದರು. ತಾನು ಓದಿದವನು, ಮರ ಎಳೆಯುವುದಿಲ್ಲ ಎಂದ ಆತ. ನೀನು ಅದೃಷ್ಟವಂತ, ನಾನೂ ಹಾಗೆ ಆಗಬೇಕೆಂದಿದ್ದೆ, ಆಗಲಿಲ್ಲ ಎಂದು ಹೇಳಿ ಅವರು ದಿಮ್ಮಿಗೆ ಕೈ ಹಾಕಿದರು. ಇಸ್ತ್ರಿ ಅಂಗಿಯ ನನಗೆ ಇದು ಎಲ್ಲಿ ತಾಗಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು: ಕಂಬ ಇಳಿಸುವ ಮುಂಚೆ ಅವರು ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದರು. ಕಪ್ಪೆಯೋ ಇರುವೆಯೋ ಬಿದ್ದಿದ್ದರೆ ಕೈಯಿಂದ ಎತ್ತಿ ಹೊರಗೆ ಬಿಟ್ಟ ಮೇಲೆಯೇ ಕಂಬ. 1915ರಲ್ಲಿ ಅದೇ ನದಿಯ ಮೇಲೆ ಹೋಗುವಾಗ, ನೀರಾನೆಗಳ ಹಿಂಡಿನ ನಡುವೆ ಅವರಿಗೆ ‘ಜೀವದ ಬಗ್ಗೆ ಪೂಜ್ಯಭಾವ’ ಎಂಬ ವಿಚಾರ ಹೊಳೆದಿತ್ತು. ಅದೇ ಅವರ ತತ್ವಶಾಸ್ತ್ರದ ಬುಡ.

ಹಾಗಂತ ಎಲ್ಲವನ್ನೂ ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಅಲ್ಲಿಯ ಜನರ ಬಗ್ಗೆ ಬರೆಯುವಾಗ ಅವರ ದನಿ ಹಲವು ಕಡೆ ಚುಚ್ಚುತ್ತದೆ. ಆಫ್ರಿಕನ್ನರು ನನ್ನ ಸಹೋದರರು, ಆದರೆ ಕಿರಿಯರು ಎಂಬ ಅವರ ನಿಲುವನ್ನು ಚಿನುವ ಅಚೆಬೆ ಕಟುವಾಗಿ ಟೀಕಿಸಿದ್ದಾರೆ. ಟೀಕೆ ಸರಿಯೇ. ನೂರಾರು ಆಫ್ರಿಕನ್ನರ ಬೆನ್ನ ಮೇಲೆ ಎದ್ದ ಆ ಕಟ್ಟಡದ ಕಥೆಯಲ್ಲಿ ಅವರ ಹೆಸರುಗಳು ಎಷ್ಟು ಕಡಿಮೆ! ಆದರೂ ಈ ಜನ ಸೋಮಾರಿಗಳಲ್ಲ, ಸ್ವತಂತ್ರರು, ತಮಗೆ ಅಗತ್ಯವಿದ್ದಾಗ ದುಡಿಯುವವರು ಎಂದು ಬರೆದವರೂ ಅವರೇ. ‘ಈ ಆಳುಗಳೇ ಹೀಗೆ’ ಎಂದು ಬೈಕಿನ ಮೇಲೆ ಗೊಣಗುತ್ತ ಬರುವ ನನಗೆ, ಬಿತ್ತನೆಗೆ ಹೋದವರಿಗೆ ಹೊಲವೂ ಒಂದು ಸೈಟೇ ಎಂಬುದು ಹೊಳೆದಿರಲೇ ಇಲ್ಲ.

1927ರ ಜನವರಿ 21ರಂದು ರೋಗಿಗಳ ಸ್ಥಳಾಂತರ ಶುರುವಾಯಿತು. ಸ್ವೀಡನ್ ಗೆಳೆಯರು ಕೊಟ್ಟ ಮೋಟಾರ್ ದೋಣಿ ದಿನವಿಡೀ ಓಡಾಡಿತು. ಅದರ ಹೆಸರು ಸ್ವೀಡಿಷ್ ಭಾಷೆಯಲ್ಲಿ ‘ತುಂಬಾ ಥ್ಯಾಂಕ್ಸ್’! ಸಂಜೆ ಕೊನೆಯ ಸಲ ರೋಗಿಗಳನ್ನು ಇಳಿಸಿದ ಮೇಲೆ ಶ್ವೈಟ್ಜರ್ ಒಲೆಗಳ ನಡುವೆ ಸುತ್ತು ಹಾಕಿದರು. ಸೊಳ್ಳೆಪರದೆಗಳ ಒಳಗಿನಿಂದ, ಗುಡಿಸಲು ಚೆನ್ನಾಗಿದೆ ಡಾಕ್ಟರ್ ಎಂಬ ದನಿಗಳು. ಆಫ್ರಿಕಾಕ್ಕೆ ಬಂದ ಮೇಲೆ ಮೊದಲ ಸಲ ತಮ್ಮ ರೋಗಿಗಳು ಮನುಷ್ಯರಂತೆ ಮಲಗುವ ಜಾಗ ಸಿಕ್ಕಿತು ಎಂದು ಅವರಿಗೆ ಸಮಾಧಾನ. ಸುತ್ತ ಹಣ್ಣಿನ ಗಿಡ ಹಾಕಿಸಿದರು. ಯಾರು ಬೇಕಾದರೂ ಕಿತ್ತು ತಿನ್ನುವಷ್ಟು ಹಣ್ಣಾದರೆ ಕಳ್ಳತನ ಎಂಬುದೇ ಇರುವುದಿಲ್ಲ ಎಂಬ ಲೆಕ್ಕ. ಆ ಜುಲೈನಲ್ಲಿ ಊರಿಗೆ ಹೊರಟಾಗ ಮಗಳಿಗೆ ಎಂಟು ವರ್ಷ ತುಂಬಿತ್ತು. ಆ ಮೂರು ವರ್ಷದ ಬಗ್ಗೆ ಮಗಳು ಏನಂದುಕೊಂಡಿದ್ದಳೋ ಎಂದು ನಾನು ಆಗಾಗ ಯೋಚಿಸುತ್ತೇನೆ.

1952ರ ಸಾಲಿನ ಶಾಂತಿ ನೊಬೆಲ್ ಹಣವೂ ಕಟ್ಟಡಕ್ಕೇ ಹೋಯಿತು, ಕುಷ್ಠರೋಗಿಗಳ ವಸತಿಗೆ. 1965ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ, ಅವರು ಲಾಂಬರೆನೆಯಲ್ಲೇ ತೀರಿಕೊಂಡರು. ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ.

ನಮ್ಮ ಶಾಲೆಯ ಕೊಠಡಿಗಳು ಲಿಂಟಲ್ ಮಟ್ಟಕ್ಕೆ ಬಂದಿವೆ. ಕಳೆದ ವಾರ ಮತ್ತೆ ಮಳೆ ಬಂದು ಮರಳಿನ ಗುಡ್ಡೆ ಕೊಚ್ಚಿಹೋಗುವುದರಲ್ಲಿತ್ತು. ನಾನೂ ಸಲಿಕೆ ಹಿಡಿದೆ. ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ. ಮೇಸ್ತ್ರಿ ನೋಡಿ, ‘ಸಾಹೇಬ್ರ, ಸಲಿಕಿ ಹಂಗ ಹಿಡಿಯಂಗಿಲ್ಲ, ಕೊಡ್ರಿಲ್ಲಿ’ ಎಂದು ಕಿತ್ತುಕೊಂಡು, ಹೇಗೆ ಹಿಡಿಯಬೇಕು ಅಂತ ತೋರಿಸಿಕೊಟ್ಟ.