ಹರಾಜು ಕಟ್ಟೆಯಲ್ಲಿ ರೈತನ ಹಕ್ಕು ಮತ್ತು ಹೊಣೆ

ಭೈರವಾನಿತಿಪ್ಪದ ಸುತ್ತಣ ರೈತರಿಗೆ ಹರಾಜು ಹೊಸದಲ್ಲ. ಶೇಂಗಾ ಮೂಟೆಗಳನ್ನು ಗಾಡಿಗೇರಿಸಿ ರಾಯದುರ್ಗಕ್ಕೋ ಬಳ್ಳಾರಿಗೋ ಚಳ್ಳಕೆರೆಗೋ ಒಯ್ಯುತ್ತೇವೆ. ಮಡಕಶಿರಾ ಕಡೆಯವರು ಹುಣಿಸೆಹಣ್ಣನ್ನು ಹಿಂದೂಪುರಕ್ಕೆ ಸಾಗಿಸುತ್ತಾರೆ. ಊರಿನಲ್ಲಿಯೇ ಹುಣಿಸೆಮರಗಳ ಫಸಲನ್ನು ಸವಾಲು ಹಾಕುವುದೂ ಉಂಟು. ಕನ್ನಡದಲ್ಲಿ ಹರಾಜು ಅನ್ನಿ, ಸವಾಲು ಅನ್ನಿ, ತೆಲುಗಿನಲ್ಲಿ ವೇಲಂ ಅನ್ನಿ, ಕೆಲಸ ಒಂದೇ. ವರ್ಷವೆಲ್ಲ ದುಡಿದು ಬೆಳೆದ ಮಾಲಿನ ಬೆಲೆ ಅರ್ಧ ಗಳಿಗೆಯಲ್ಲಿ ತೀರ್ಮಾನವಾಗುವ ಆ ಹೊತ್ತಿನಲ್ಲಿ ತನ್ನ ಹಕ್ಕೇನು, ಹೊಣೆಯೇನು ಎಂಬುದನ್ನು ಬಲ್ಲವರು ಮಾತ್ರ ಕಡಮೆ.

1953ರವರೆಗೆ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಮೇಲೆ ಅನಂತಪುರ ಜಿಲ್ಲೆಗೆ ಬಂತು. ನಡುವೆ ಗಡಿ ಬಿದ್ದುದರಿಂದ, ಆ ಕಡೆಯ ಮಾರುಕಟ್ಟೆಗೆ ಹೋದರೆ ನಮಗೆ ಕಾನೂನಿನ ಬಲವಿಲ್ಲವೆಂದು ಅನೇಕರು ಅಂಜುತ್ತಾರೆ. ಈ ಅಂಜಿಕೆ ಬೇಡ. ಮಾರುಕಟ್ಟೆ ಸಮಿತಿಗಳ ಕಾಯಿದೆ ಆಂಧ್ರದಲ್ಲಿ ಬೇರೆ, ಕರ್ನಾಟಕದಲ್ಲಿ ಬೇರೆ, ನಿಜ, ಎರಡೂ 1966ರವು. ಆದರೆ ಹರಾಜಿನ ಮೂಲ ಸೂತ್ರಗಳನ್ನು ಹೇಳುವ 1930ರ ಸರಕು ಮಾರಾಟ ಕಾಯಿದೆ ಈಗ ಎರಡು ಕಡೆಗೂ ಒಂದೇ. ಅದರ 64ನೆಯ ಕಲಮನ್ನು ರೈತನು ಅವಶ್ಯವಾಗಿ ತಿಳಿದಿರಬೇಕು.

ಮೊದಲನೆಯ ಮಾತು: ಹರಾಜಿನಲ್ಲಿ ಪ್ರತಿಯೊಂದು ರಾಶಿಯೂ ಬೇರೆ ಬೇರೆ ವ್ಯಾಪಾರ. ಹರಾಜುದಾರನು ಸುತ್ತಿಗೆ ಬಡಿದಾಗ, ಅಥವಾ ರೂಢಿಯಂತೆ ಮೂರನೆಯ ಸಲ ಕೂಗಿ ಮುಗಿಸಿದಾಗ ವ್ಯಾಪಾರ ಪೂರ್ತಿಯಾಗುತ್ತದೆ. ಅದಕ್ಕೆ ಮುಂಚೆ ಕೂಗಿದವನು ತನ್ನ ಕೂಗನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಮಾರುವವನೂ ಮಾಲನ್ನು ಹಿಂದೆಗೆಯಬಹುದು. ಮೂರನೆಯ ಕೂಗು ಮುಗಿದ ಮೇಲೆ ಇಬ್ಬರೂ ಮಾತಿಗೆ ಕಟ್ಟುಬಿದ್ದವರೇ.

ಈ ಸೂತ್ರ ಬಹಳ ಹಳೆಯದು. 1789ರಲ್ಲಿ ಇಂಗ್ಲೆಂಡಿನಲ್ಲಿ ಭಟ್ಟಿ ಇಳಿಸುವ ಸಾಮಾನೊಂದನ್ನು ಹರಾಜು ಹಾಕಿದರು. ಒಬ್ಬನು 40 ಪೌಂಡು ಕೂಗಿದನು. ಇಷ್ಟು ತೂಕವಿದೆಯೆಂದು ನೀವು ಹೊಣೆಯಾಗುವಿರಾ ಎಂದು ಅವನು ಕೇಳಿದಾಗ ಹರಾಜುದಾರನು ಒಪ್ಪಲಿಲ್ಲ. ಹಾಗಾದರೆ ನನಗೆ ಬೇಡವೆಂದು ಅವನು ಸರಿದುಬಿಟ್ಟನು. ಆಮೇಲೆ ಆ ಸಾಮಾನು 30 ಪೌಂಡಿಗೆ ಹೋಯಿತು. ಉಳಿದ 10 ಪೌಂಡಿಗಾಗಿ ಅವನ ಮೇಲೆ ದಾವೆ ಹೂಡಿದರು. ಸುತ್ತಿಗೆ ಬೀಳುವ ಮುಂಚೆ ಕೂಗು ಹಿಂದೆಗೆದುದರಿಂದ ಅವನು ಕೊಡಬೇಕಾದ್ದಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಪೇನ್ ಮತ್ತು ಕೇವ್ ಎಂಬವರ ಈ ಮೊಕದ್ದಮೆಯನ್ನು ಕಾನೂನು ಓದುವವರು ಇಂದಿಗೂ ಓದುತ್ತಾರೆ.

ಎರಡನೆಯ ಮಾತು ಕಳ್ಳಕೂಗಿನದು. ಮಾರುವವನು ತಾನೂ ಕೂಗುವ ಹಕ್ಕನ್ನು ಇಟ್ಟುಕೊಂಡಿರುವುದಾಗಿ ಮೊದಲೇ ಸಾರಿ ಹೇಳಿದ್ದರೆ ಕೂಗಬಹುದು. ಹೇಳದೆ ತಾನು ಕೂಗುವುದಾಗಲಿ, ತನ್ನವನೊಬ್ಬನನ್ನು ಗುಂಪಿನಲ್ಲಿ ನಿಲ್ಲಿಸಿ ಬೆಲೆ ಏರಿಸುವುದಾಗಲಿ ಕಾನೂನಿಗೆ ವಿರುದ್ಧ. ಅಂಥ ಮಾರಾಟವನ್ನು ಕೊಂಡವನು ಮೋಸವೆಂದು ತಳ್ಳಿಹಾಕಬಹುದು. ಬೆಲೆ ತೀರ ಇಳಿಯಬಾರದೆಂದಿದ್ದರೆ ನೇರವಾದ ದಾರಿಯಿದೆ: ಇಷ್ಟಕ್ಕಿಂತ ಕಡಮೆಗೆ ಕೊಡುವುದಿಲ್ಲವೆಂಬ ಕರಾರನ್ನು ಮೊದಲೇ ಸಾರುವುದು. ಇನ್ನು ವರ್ತಕರು ಒಳಗೊಳಗೆ ಕೂಡಿಕೊಂಡು ಬೆಲೆ ತುಳಿಯುವುದನ್ನು 2002ರ ಸ್ಪರ್ಧಾ ಕಾಯಿದೆ ನಿಷೇಧಿಸಿದೆ. ಚೀಟಿ ಟೆಂಡರಾಗಲಿ, ಕಂಪ್ಯೂಟರಿನ ಹರಾಜಾಗಲಿ, ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಆದರೆ ಅದನ್ನು ಆಗಲೇ ಹೇಳಬೇಕು.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ. ಬೆಲೆ ಕುದುರಿತು, ಇನ್ನು ಮಾಲು ಸಾಹುಕಾರನದೆಂದು ರೈತನು ಹೋಟೆಲಿಗೆ ಹೋಗಿ ಕೂರುತ್ತಾನೆ. ಅಷ್ಟರಲ್ಲಿ ಮಳೆ ಬಂದು ಬಯಲಿನಲ್ಲಿದ್ದ ಶೇಂಗಾ ನೆನೆಯಿತೆನ್ನಿ. ಈ ನಷ್ಟ ಯಾರದು? ಬೆಲೆ ಲೆಕ್ಕಹಾಕಲು ತೂಕ ಮಾಡಿಕೊಡುವುದು ಮಾರುವವನ ಹೊಣೆಯಾಗಿದ್ದರೆ, ತೂಕವಾಗಿ ಕೊಂಡವನಿಗೆ ಅದು ತಿಳಿಯುವವರೆಗೆ ಮಾಲು ಮಾರುವವನದೇ ಎಂದು 22ನೆಯ ಕಲಮು ಹೇಳುತ್ತದೆ. ಬೇರೆ ಕರಾರಿಲ್ಲದಿದ್ದರೆ ಮಾಲು ಯಾರದೋ ನಷ್ಟವೂ ಅವನದೇ. ಕೊಂಡವನೇ ತನ್ನ ತಪ್ಪಿನಿಂದ ತಡಮಾಡಿದ್ದರೆ, ಆ ತಡದಿಂದಾದ ನಷ್ಟ ಅವನ ತಲೆಗೆ ಬರುತ್ತದೆ. ಆದರೆ ತಡಮಾಡಿದವನು ಅವನೇ ಎಂದು ತೋರಿಸಲು ಸಾಕ್ಷಿ ಬೇಕು. ಆದ್ದರಿಂದ ಮೂರನೆಯ ಕೂಗಾದ ಕೂಡಲೆ ರಾಶಿಯ ಬಳಿ ನಿಂತು ತೂಕ ಮಾಡಿಸಿರಿ. ತೂಕ ತಡವಾದರೆ ಸಮಿತಿಯ ಕಚೇರಿಗೆ ಆಗಲೇ ಬರೆದುಕೊಡಿ. ಟಾರ್ಪಾಲನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ನಾಲ್ಕನೆಯದು ಹಣ. ಉದ್ದರಿಯ ಮಾತಾಗಿರದಿದ್ದರೆ, ಹಣ ಕೈಗೆ ಬರುವವರೆಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಮಾರಿದವನಿಗಿದೆ. ಮಾಲು ಕೊಂಡವನ ಗೋದಾಮು ಸೇರಿದ ಮೇಲೆ ಈ ಹಕ್ಕು ಹೋಯಿತು. ಆಗ ಉಳಿಯುವುದು ದಾವೆಯ ದಾರಿ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ. ಮಾಲು ನಿಮ್ಮ ವಶದಲ್ಲಿಯೇ ಇದ್ದು, ಕೊಂಡವನು ಹಣ ಕೊಡದೆ ಎಳೆದಾಡಿದರೆ, ಅವನಿಗೆ ನೋಟೀಸು ಕೊಟ್ಟು, ತಕ್ಕಷ್ಟು ಕಾಲ ಕಾದು, ಬೇರೆಯವರಿಗೆ ಮಾರಬಹುದು. ಕಡಮೆಗೆ ಹೋದರೆ ನಷ್ಟವನ್ನು ಅವನಿಂದಲೇ ವಸೂಲು ಮಾಡಬಹುದು. ಬೇಗ ಕೆಡುವ ಮಾಲಿಗೆ ನೋಟೀಸು ಬೇಡ. ಮಾರುಕಟ್ಟೆ ಶುಲ್ಕ ಕೊಳ್ಳುವವನ ಮೇಲಿನದು. ರೈತನ ಚೀಟಿಯಲ್ಲಿ ಅದನ್ನು ಮುರಿದುಕೊಂಡಿದ್ದರೆ ಕೇಳಿರಿ.

ಹಕ್ಕು ಕೇಳುವವನು ಹೊಣೆಯನ್ನೂ ಹೊರಬೇಕು. ಮಾದರಿ ತೋರಿಸಿ ಮಾರಿದ ಮೇಲೆ ಮೂಟೆಯ ತಳದಲ್ಲಿರುವ ಮಾಲೂ ಮಾದರಿಯಂತೆಯೇ ಇರತಕ್ಕದ್ದೆಂದು 17ನೆಯ ಕಲಮು ಹೇಳುತ್ತದೆ. ಮೇಲೆ ಒಣಶೇಂಗಾ ಹರಡಿ, ಕೆಳಗೆ ಮಣ್ಣುಹೆಂಟೆ, ಹಸಿಕಾಯಿ ತುಂಬಿದರೆ ಕೊಂಡವನು ಬೇಡವೆನ್ನಬಹುದು, ನಷ್ಟವನ್ನೂ ಕೇಳಬಹುದು. ಕೊಳ್ಳುವವನಿಗೂ ಕರ್ತವ್ಯವಿದೆ. ಮಾಲನ್ನು ಪರೀಕ್ಷಿಸಿ ನೋಡುವುದು, ತಕರಾರಿದ್ದರೆ ಬೇಗನೆ ತಿಳಿಸುವುದು, ಹೇಳಿದ ಹಣ ಕೊಟ್ಟು ಮಾಲನ್ನು ಎತ್ತುವುದು. ಮನೆಗೆ ಒಯ್ದು ಬಹುದಿನ ಸುಮ್ಮನಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ.

ಮರದ ಮೇಲಿನ ಹುಣಿಸೆಯೂ, ಕಿತ್ತುಕೊಳ್ಳುವ ಕರಾರಿನ ಮೇಲೆ ಮಾರಿದರೆ, ಕಾನೂನಿನ ಕಣ್ಣಿಗೆ ಸರಕೇ. ಸವಾಲು ಕೂಗುವ ಮುಂಚೆ ಷರತ್ತುಗಳನ್ನು ಓದಿಸಿ ಕೇಳಿರಿ: ಠೇವಣಿ ಎಷ್ಟು, ಹಣಕ್ಕೆ ಗಡುವು ಯಾವುದು, ಕಾಯಿ ಎಂದು ಕೀಳಬೇಕು. ಮೇಲಧಿಕಾರಿಯ ಮಂಜೂರಾತಿಗೆ ಒಳಪಟ್ಟದ್ದೆಂದು ಷರತ್ತಿದ್ದರೆ, ಹೆಚ್ಚು ಕೂಗಿದ ಮಾತ್ರಕ್ಕೆ ಫಸಲು ನಿಮ್ಮದಾಗುವುದಿಲ್ಲ.

ಚೀಟಿ ತೆಲುಗಿನಲ್ಲಿದ್ದರೂ ಕನ್ನಡದಲ್ಲಿದ್ದರೂ, ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿಕೊಂಡ ಮೇಲೆಯೇ ರುಜು ಹಾಕಿರಿ. ದರ, ತೂಕ, ಮುರಿದ ಹಣ, ಕೊಂಡವನ ಹೆಸರು, ತಾರೀಖು ಇವೈದೂ ಅದರಲ್ಲಿರಬೇಕು. ಆ ಚೀಟಿಯನ್ನು ಹಣ ಪೂರ್ತಿ ಕೈಸೇರುವವರೆಗೆ ಪಹಣಿಯ ಜೊತೆಯಲ್ಲಿಯೇ ಭದ್ರವಾಗಿಟ್ಟಿರಿ.